ಮೀನಿನ ಆಸ್ಪತ್ರೆಗೆ ಜಡ್ಜ್ ಸಾಹೇಬರು ದಾಖಲಾದದ್ದು

ನೋಡೋಣಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂತು, ಬಂದವರಿಗೆಲ್ಲ "ನೋಡೋಣ, ನೋಡೋಣ" ಎಂದು ಹೇಳಿ ಹೇಳಿ ಅವರೇ ಸಂಪಾದಿಸಿಕೊಂಡ ಬಿರುದು. ನಲ್ಲಿ ಸೋರುತ್ತಿದೆ ಅಂದರೂ ನೋಡೋಣ, ನಡುರಸ್ತೆಯಲ್ಲಿ ಪೈಪ್ ಒಡೆದು ಕಾರಂಜಿ ಚಿಮ್ಮುತ್ತಿದೆ ಅಂದರೂ ನೋಡೋಣ. ಇದನ್ನು ಸೋಮಾರಿತನ ಎಂದು ಯಾರೂ ತಿಳಿಯಬಾರದು. ಅದು ಆ ವಿಭಾಗದ ಪದ್ಧತಿ. ಬಂದ ದೂರನ್ನು ಟ್ರೇಯಲ್ಲಿಟ್ಟು, ಮೇಲೊಂದು ಪೇಪರ್‌ವೇಟ್ ಹೇರಿ, ಒಂದಷ್ಟು ದಿನ ಮುಟ್ಟದೆ ಬಿಟ್ಟರೆ ಅರ್ಧ ನಲ್ಲಿಗಳು ತಾವಾಗಿಯೇ ವಾಸಿಯಾಗುತ್ತವೆ, ಇನ್ನರ್ಧಕ್ಕೆ ಜನ ಒಗ್ಗಿಕೊಳ್ಳುತ್ತಾರೆ ಎಂದು ಅಲ್ಲಿನ ಹೆಡ್ ಕ್ಲರ್ಕ್ ಕೆಲಸಕ್ಕೆ ಸೇರಿದವರಿಗೆಲ್ಲ ಉಪದೇಶ ಮಾಡುತ್ತಿದ್ದರು. ಉಳಿದವರು ಈ ಉಪದೇಶವನ್ನು ಸಂಜೆ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿ ಮನೆಗೆ ಹೋಗುತ್ತಿದ್ದರು. ನೋಡೋಣಪ್ಪನವರು ಮಾತ್ರ ಅದನ್ನು ಜೊತೆಯಲ್ಲೇ ಮನೆಗೂ ತರುತ್ತಿದ್ದರು.

ಹೀಗಿರುವಾಗ ಅವರ ಹೆಂಡತಿಯ ತಮ್ಮ ಮನೆ ಬದಲಾಯಿಸಿದ. ಹೊಸ ಮನೆಯಲ್ಲಿ ಎರಡು ಅಕ್ವೇರಿಯಂಗೆ ಜಾಗವಿಲ್ಲವೆಂದು ಒಂದನ್ನು ತಂದು ಅಕ್ಕನ ಮನೆಯ ಹಾಲಿನಲ್ಲಿ ಇಳಿಸಿ, "ಇರ್ಲಿ ಭಾವ, ಏನಕ್ಕಾದ್ರೂ ಬರುತ್ತೆ" ಎಂದು ಹೇಳಿ, ಭಾವ ಬಾಯಿ ತೆರೆಯುವ ಮೊದಲೇ ಗಾಡಿ ಹತ್ತಿ ಹೋದ. ಮೊಣಕಾಲು ಮಡಿಸಿಕೊಂಡರೆ ಒಬ್ಬ ದೊಡ್ಡ ಮನುಷ್ಯ ಒಳಗೆ ಮಲಗಬಹುದಾದಂಥ ಗಾಜಿನ ತೊಟ್ಟಿ ಅದು. ಮನೆಯಲ್ಲಿ ಈಗಾಗಲೇ ಫ್ರಿಜ್ಜಿನ ಮೇಲೆ ಒಂದು ಪುಟ್ಟ ಗಾಜಿನ ಬುಡ್ಡಿ, ಅದರಲ್ಲಿ ಎರಡು ಮೀನು ಇದ್ದವು. ಅವಕ್ಕೆ ಅದೇ ಸಾಕಾಗಿತ್ತು. ಈಗ ಬಂದದ್ದನ್ನು ಏನು ಮಾಡುವುದು?

"ರೀ, ಈರುಳ್ಳಿ ಆಲೂಗಡ್ಡೆ ಹಾಕಿಡ್ತೀನಿ. ಎಷ್ಟಿದೆ, ಎಷ್ಟು ಕೊಳೀತು, ಎಲ್ಲ ಹೊರಗಿಂದಾನೇ ಕಾಣುತ್ತೆ" ಎಂದರು ಹೆಂಡತಿ.

"ಹಾಲಿನಲ್ಲಿ ಈರುಳ್ಳಿ ಪ್ರದರ್ಶನಕ್ಕಿಡ್ತೀಯೇನೇ? ನನ್ನ ಉಲ್ಲನ್ ಉಂಡೆಗಳನ್ನ ಇಡೋಣ. ಬಣ್ಣಬಣ್ಣವಾಗಿ ಕಾಣುತ್ತೆ" ಎಂದರು ಅತ್ತೆ.

ತಾಯಿ ಮಗಳು ಇಬ್ಬರೂ ನೋಡೋಣಪ್ಪನವರ ಮುಖ ನೋಡಿದರು. ಈರುಳ್ಳಿ ಎಂದರೆ ಅತ್ತೆಗೆ ಸಿಟ್ಟು, ಉಲ್ಲನ್ ಎಂದರೆ ಹೆಂಡತಿಗೆ ಸಿಟ್ಟು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ನೋಡೋಣ" ಎಂದರು. ತೊಟ್ಟಿ ಹಾಲಿನ ನಡುವೆ ಖಾಲಿಯಾಗಿ ಕೂತಿತು. ಮನೆಯವರೆಲ್ಲರ ಮೊಣಕಾಲಿಗೆ ಒಂದೊಂದು ಸಲ ಅದರ ಅಂಚು ತಗುಲಿ ನೀಲಿಗಟ್ಟಿತು. ಕೊನೆಗೆ ಎಲ್ಲರೂ ಅದನ್ನು ಸುತ್ತಿಕೊಂಡು ನಡೆಯುವುದನ್ನು ಅಭ್ಯಾಸ ಮಾಡಿಕೊಂಡರು. ಹೆಡ್ ಕ್ಲರ್ಕ್ ಹೇಳಿದ್ದು ಸುಳ್ಳಲ್ಲ.

ಆ ತಿಂಗಳಲ್ಲೇ ಒಂದು ಬೆಳಿಗ್ಗೆ ಓನರಮ್ಮ ಮೇಲಿನ ಮನೆಯಿಂದ ಇಳಿದು ಬಂದರು.

ಓನರಮ್ಮ ಇಳಿದು ಬಂದರೆಂದರೆ ಮೆಟ್ಟಿಲಿಗೇ ಮೊದಲು ಗೊತ್ತಾಗುತ್ತಿತ್ತು. ನಗುವುದು ಅವರ ಸ್ವಭಾವದಲ್ಲಿ ಇರಲಿಲ್ಲ. ಒಂಟಿ ಹೆಂಗಸು, ಯಾರ ಹಂಗಿಗೂ ಹೋದವರಲ್ಲ, ಯಾರಿಗೂ ಸುಲಭಕ್ಕೆ ಸೊಪ್ಪು ಹಾಕಿದವರಲ್ಲ. ಬಾಗಿಲಲ್ಲೇ ನಿಂತು ವಿಷಯಕ್ಕೆ ಬಂದರು.

"ನೋಡಿ ಇವ್ರೇ, ನನ್ನ ಅಣ್ಣನ ಮಗ ಈ ಮನೆ ಕೇಳ್ತಿದ್ದಾನೆ. ಅವನಿಗೆ ಮದುವೆ ಗೊತ್ತಾಗಿದೆ. ನಾನಿನ್ನೂ ಏನೂ ಹೇಳಿಲ್ಲ. ತಿಂಗಳ ಕೊನೇಲಿ ಹೇಳ್ತೀನಿ, ಅವನಿಗೂ ನಿಮಗೂ."

ಅತ್ತೆಯ ಮೊಣಕಾಲಿಗೆ ಮೆಟ್ಟಿಲು ಆಗದು. ನೆಲಮಹಡಿಯ ಮನೆ ಬೇಕೆಂದು ಚಪ್ಪಲಿ ಸವೆಸಿ ಹುಡುಕಿದ ಮನೆ ಇದು. ಹೆಂಡತಿ ಪಾಠ ಹೇಳುವ ಶಾಲೆ ರಸ್ತೆಯ ಆಚೆ ಬದಿಗೇ ಇತ್ತು. ಈ ಮನೆ ಹೋದರೆ ಇಂಥದ್ದು ಇನ್ನೊಂದು ಸಿಕ್ಕುವುದಿಲ್ಲ ಎಂಬುದು ಮನೆಯವರೆಲ್ಲರಿಗೂ ಗೊತ್ತಿತ್ತು. ಏನಾದರೂ ಒಳ್ಳೆಯ ಮಾತಾಡಿ ಓನರಮ್ಮನ ಮನಸ್ಸು ಗೆಲ್ಲಬೇಕು ಎಂದು ನೋಡೋಣಪ್ಪನವರು ತಡಕಾಡುತ್ತಿರುವಾಗಲೇ ಆಕೆಯ ಕಣ್ಣು ತೊಟ್ಟಿಯ ಮೇಲೆ ಬಿತ್ತು.

"ಇದೇನಿದು, ಖಾಲಿ ಇಟ್ಕೊಂಡಿದ್ದೀರಿ? ಹಾಲ್ ತುಂಬಾ ಇದೇ ಇದೆಯಲ್ಲ."

ಏನು ಮಾಡಬೇಕೆಂದು ತೋಚದೆ ಇಟ್ಟುಕೊಂಡಿದ್ದೇವೆ ಎನ್ನುವುದು ನಿಜ. ಆದರೆ ನಿಜ ಹೇಳುವುದಕ್ಕೂ ಒಂದು ಅಂತಸ್ತು ಬೇಕು. ಸಾಕುಮೀನಿನ ಅಂಗಡಿಯವನು ಎಂದೋ ಹೇಳಿದ ಮಾತು ನೋಡೋಣಪ್ಪನವರ ನಾಲಿಗೆಗೆ ಬಂತು.

"ಖಾಲಿ ಅಲ್ಲಮ್ಮ ಅದು. ಆಸ್ಪತ್ರೆ."

"ಏನು?"

"ಮೀನಿನ ಆಸ್ಪತ್ರೆ. ಅನುಭವ ಇರೋರು ಯಾವತ್ತೂ ಒಂದು ತೊಟ್ಟಿ ಖಾಲಿ ಇಟ್ಟಿರ್ತಾರೆ. ಹುಷಾರಿಲ್ಲದ ಮೀನು ಬಂದ್ರೆ ಬೇರೆ ಇಡೋಕೆ."

ಓನರಮ್ಮ ಮೊದಲ ಬಾರಿಗೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಮಗೆ ಮೀನಿನ ವೈದ್ಯ ಬರುತ್ತಾ?"

"ಏನೋ... ತಕ್ಕಮಟ್ಟಿಗೆ" ಎಂದರು ನೋಡೋಣಪ್ಪ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಓನರಮ್ಮ ಮಧ್ಯಾಹ್ನ ರವಿಕೆ ಅಳತೆಗೆಂದು ರಸ್ತೆ ಮೂಲೆಯ ಟೈಲರ್ ಅಂಗಡಿಗೆ ಹೋದರು. ಸಂಜೆ ಹೊತ್ತಿಗೆ ಟೈಲರ್ ಒಂದು ಪ್ಲಾಸ್ಟಿಕ್ ಕವರಿನ ತುಂಬ ನೀರು, ಅದರಲ್ಲೊಂದು ಕೆಂಪು ಮೀನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಮೀನು ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿತ್ತು. ಟೈಲರ್ ಕೊರಳಲ್ಲಿ ಇಂಚುಪಟ್ಟಿ ಇನ್ನೂ ಜೋತಾಡುತ್ತಿತ್ತು.

"ಸಾರ್, ಬೆಳಿಗ್ಗೆಯಿಂದ ಹೀಗೇ ಅಂಗಾತ ಆಗಿದೆ. ಉಸಿರಿದೆ ಸಾರ್. ನಿಮ್ಮನೇಲಿ ಆಸ್ಪತ್ರೆ ಇದೆಯಂತೆ, ಓನರಮ್ಮ ಹೇಳಿದ್ರು. ಹೇಗಾದ್ರೂ ಉಳಿಸಿಕೊಡಿ. ಗಿರಾಕಿಗಳ ಮಕ್ಕಳೆಲ್ಲ ಇದನ್ನ ನೋಡ್ಕೊಂಡೇ ಅಳೋದು ನಿಲ್ಲಿಸೋದು."

ಒಳಗಿನಿಂದ ಹೆಂಡತಿ, "ಇಲ್ಲ ಅನ್ರೀ, ಗೊತ್ತಿಲ್ಲ ಅನ್ರೀ" ಎಂದು ಪಿಸುಗುಟ್ಟಿದರು. ಆದರೆ ಮೇಲಿನ ಬಾಲ್ಕನಿಯಿಂದ ಓನರಮ್ಮನ ಮುಖ ಇಣುಕುತ್ತಿತ್ತು. ಗೊತ್ತಿಲ್ಲ ಎಂದರೆ ಬೆಳಿಗ್ಗೆ ಹೇಳಿದ್ದು ಸುಳ್ಳೆಂದಾಗುತ್ತದೆ. ಸುಳ್ಳುಗಾರನಿಗೆ ಯಾರು ಮನೆ ಕೊಡುತ್ತಾರೆ? ನೋಡೋಣಪ್ಪನವರ ಬಾಯಲ್ಲಿ ಬಿಸಿತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬಕೆಟ್ ಬಕೆಟ್ ನೀರು ಹೊತ್ತು ತೊಟ್ಟಿ ತುಂಬಿಸಿ, ಫ್ರಿಜ್ಜಿನ ಮೇಲಿನ ಮೀನುಗಳ ಗಾಳಿ ಪಂಪನ್ನು ಕಿತ್ತು ಇದಕ್ಕೆ ಜೋಡಿಸಿ, ರೋಗಿಯನ್ನು ಒಳಗೆ ಬಿಟ್ಟರು.

ಆಮೇಲೆ? ಆಮೇಲೆ ಅವರು ಏನೂ ಮಾಡಲಿಲ್ಲ. ಮುಟ್ಟಿದರೆ ಎಲ್ಲಿ ಸತ್ತುಹೋಗುತ್ತದೋ ಎಂದು ಮುಟ್ಟಲಿಲ್ಲ. ಊಟ ಹಾಕಿದರೆ ಎಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೋ ಎಂದು ಊಟ ಹಾಕಲಿಲ್ಲ. ಎದುರಿಗೆ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಕೈಯಿಟ್ಟು, ಬೆವರುತ್ತ ಕೂತರು. ಕಚೇರಿಯ ಪದ್ಧತಿಗೆ ಇಷ್ಟು ನಿಷ್ಠೆಯಿಂದ ಯಾರೂ ಎಂದೂ ನಡೆದುಕೊಂಡಿರಲಿಕ್ಕಿಲ್ಲ. ಎರಡು ಮೂರು ದಿನ ಹೀಗೇ ಕಳೆಯಿತು. ಒಂದು ಬೆಳಿಗ್ಗೆ ನೋಡಿದರೆ ಮೀನು ಮಗುಚಿಕೊಂಡು, ಬೆನ್ನು ಮೇಲೆ ಮಾಡಿ, ಏನೂ ಆಗಿಯೇ ಇಲ್ಲವೆಂಬಂತೆ ಓಡಾಡುತ್ತಿದೆ!

ಟೈಲರ್ ಬಂದು ನೋಡಿ ನೋಡೋಣಪ್ಪನವರನ್ನು ತಬ್ಬಿಕೊಂಡ. ತಬ್ಬಿಕೊಂಡ ಹಾಗೆಯೇ ಎದೆಯ ಅಳತೆಯನ್ನೂ ತೆಗೆದುಕೊಂಡ. "ಒಂದು ಶರ್ಟ್ ಹೊಲಿದು ಕೊಡ್ತೀನಿ, ಬೇಡ ಅನ್ನಬಾರದು. ಏನು ಔಷಧಿ ಹಾಕಿದ್ರಿ ಸಾರ್?"

"ಔಷಧಿ ಏನೂ ಇಲ್ಲಪ್ಪ. ನಾನೇನೂ ಮಾಡ್ಲಿಲ್ಲ."

"ನೋಡಿ, ದೊಡ್ಡವರು ಹೀಗೇ" ಎಂದು ಟೈಲರ್ ಕಣ್ಣೊರೆಸಿಕೊಂಡ.

ಲಂಘನಂ ಪರಮೌಷಧಂ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅಂಗಡಿಗೆ ಬಂದ ಗಿರಾಕಿಗಳೆಲ್ಲ ಒಂದೊಂದು ಚಿಟಿಕೆ ತಿಂಡಿ ಹಾಕಿ ಹಾಕಿ ಆ ಮೀನಿಗೆ ಅಜೀರ್ಣವಾಗಿತ್ತು, ಉಪವಾಸ ಬಿದ್ದು ಸರಿಹೋಯಿತು. ಈ ಗುಟ್ಟು ನನಗೆ ಮೀನಿನಂಗಡಿಯವನಿಂದ ಬಹಳ ದಿನದ ಮೇಲೆ ತಿಳಿಯಿತು. ನೋಡೋಣಪ್ಪನವರಿಗೆ ಆಗ ತಿಳಿದಿರಲಿಲ್ಲ. ತಿಳಿದಿದ್ದರೆ ಧೈರ್ಯವಾಗಿರುತ್ತಿದ್ದರು. ತಿಳಿಯದ್ದರಿಂದ ಗಂಟೆಗೊಂದು ಸಲ ಎದೆ ಹಿಡಿದುಕೊಳ್ಳುತ್ತಿದ್ದರು.

ಸುದ್ದಿಗೆ ಕಾಲಿಲ್ಲದಿದ್ದರೂ ಓಟ ಜಾಸ್ತಿ. ಕ್ಷೌರದಂಗಡಿಯ ಮೀನು ಬಂತು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಿಂದ ಎರಡು ಬಂದವು. ಬಂದವೆಲ್ಲ ಜನ ಕೂತು ಕಾಯುವ ಜಾಗದ ಮೀನುಗಳು. ಬೇಸರ ಬಂದ ಜನ ತಿನ್ನಿಸಿ ತಿನ್ನಿಸಿ ಅವುಗಳ ಹೊಟ್ಟೆ ಉಬ್ಬಿಸಿದ್ದರು. ಬಂದವೆಲ್ಲ ನೋಡೋಣಪ್ಪನವರ ಭಯದ ದೆಸೆಯಿಂದ ಉಪವಾಸ ಬಿದ್ದು ಗುಣವಾದವು. ಒಂದಾದರೂ ಸಾಯಬಾರದೇ, ಈ ಕೀರ್ತಿಯಿಂದ ಪಾರಾಗಬಾರದೇ ಎಂದು ಒಮ್ಮೆ, ಅಯ್ಯೋ ಸತ್ತರೆ ಗತಿಯೇನು ಎಂದು ಇನ್ನೊಮ್ಮೆ, ಅವರ ಜೀವ ಉಯ್ಯಾಲೆಯಾಡಿತು.

ಎಲ್ಲರಿಗಿಂತ ಹೆಚ್ಚು ಬದಲಾದವರು ಅತ್ತೆ. ಈವರೆಗೆ ಅವರು ಯಾರಾದರೂ ಕೇಳಿದರೆ "ಅಳಿಯ ಇದ್ದಾರೆ" ಎಂದು, ಗೋಡೆ ಗಡಿಯಾರ ಇದೆ ಎನ್ನುವ ಧಾಟಿಯಲ್ಲಿ ಹೇಳುತ್ತಿದ್ದರು. ಈಗ ಬಿಳಿ ಸೀರೆಯುಟ್ಟು, ಹೆಣಿಗೆ ಕಡ್ಡಿಯನ್ನು ಕೈಯಲ್ಲಿ ಹಿಡಿದು, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು.

"ಚಪ್ಪಲಿ ಹೊರಗೆ. ಗಾಜು ಬಡೀಬೇಡಿ, ಪೇಷಂಟ್ ಗಾಬರಿ ಆಗುತ್ತೆ. ಒಬ್ಬೊಬ್ಬರೇ ಬನ್ನಿ. ಹಣ್ಣುಗಿಣ್ಣು ತಂದಿದ್ರೆ ಇಲ್ಲಿ ಕೊಡಿ, ಅದಕ್ಕೆ ಕೊಡೋ ಹಾಗಿಲ್ಲ. ನಮ್ಮ ಅಳಿಯಂದ್ರು ಆಫೀಸಿಗೆ ಹೋಗಿದ್ದಾರೆ, ಸಂಜೆ ರೌಂಡ್ಸಿಗೆ ಬರ್ತಾರೆ."

"ಅಮ್ಮ, ಅವರಿಗೆ ಏನೂ ಗೊತ್ತಿಲ್ಲಮ್ಮ!" ಎಂದು ಮಗಳು ಹಣೆ ಚಚ್ಚಿಕೊಂಡರೆ, "ಗಂಡನ ಬೆಲೆ ಹೆಂಡತಿಗೆ ಗೊತ್ತಾಗೋದು ಯಾವಾಗ" ಎಂದು ತಾಯಿ ನಿಟ್ಟುಸಿರು ಬಿಡುತ್ತಿದ್ದರು.

ಊರಿಗೆಲ್ಲ ಗೊತ್ತಾದದ್ದು ಮುನಿಸಿಪಾಲಿಟಿಗೆ ಗೊತ್ತಾಗದೆ ಇರುತ್ತದೆಯೇ? ಹೆಲ್ತ್ ಇನ್ಸ್‌ಪೆಕ್ಟರ್ ಬಂದರು. ಕಂಕುಳಲ್ಲಿ ಚರ್ಮದ ಚೀಲ, ಮುಖದಲ್ಲಿ ಕಾನೂನು.

"ವಾಸದ ಮನೇಲಿ ಆಸ್ಪತ್ರೆ ನಡೆಸ್ತಿದ್ದೀರಂತೆ. ಲೈಸೆನ್ಸ್ ಇದೆಯಾ?"

"ಇಲ್ಲ ಸಾರ್."

"ಡಿಗ್ರಿ?"

"ಮೀನಿಂದಾ ಸಾರ್?"

"ನಿಮ್ಮದು!"

"ಅದೂ ಇಲ್ಲ ಸಾರ್. ಸತ್ಯ ಹೇಳ್ತೀನಿ, ನಾನು ಯಾವ ಚಿಕಿತ್ಸೇನೂ ಕೊಡ್ತಿಲ್ಲ. ಮೀನು ಬರುತ್ತೆ, ತೊಟ್ಟೀಲಿ ಬಿಡ್ತೀನಿ, ನೋಡ್ತಾ ಕೂತಿರ್ತೀನಿ. ಅಷ್ಟೇ."

ಅತ್ತೆ ಬಾಗಿಲಿನಿಂದ, "ಅವರು ಯಾವಾಗ್ಲೂ ಹಾಗೇ ಹೇಳೋದು, ನಂಬಬೇಡಿ. ಅವರ ಕೈಗುಣ ದೊಡ್ಡದು!" ಎಂದು ಕೂಗಿದರು. ನೋಡೋಣಪ್ಪನವರಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

ಇನ್ಸ್‌ಪೆಕ್ಟರ್ ಕುರ್ಚಿಯಲ್ಲಿ ಕೂತು ಚೀಲ ತೆರೆದು ಮತ್ತೆ ಮುಚ್ಚಿದರು. "ಚಿಕಿತ್ಸೆ ಕೊಡ್ತಿಲ್ಲ ಅಂದ್ರೆ ಅದು ಆಸ್ಪತ್ರೆ ಅಲ್ಲ. ಆಸ್ಪತ್ರೆ ಅಲ್ಲ ಅಂದ್ರೆ ನನಗಿಲ್ಲಿ ಕೆಲಸ ಇಲ್ಲ" ಎಂದು ಎದ್ದು, ಬಾಗಿಲವರೆಗೆ ಹೋಗಿ, ದನಿ ತಗ್ಗಿಸಿ ಹಿಂತಿರುಗಿದರು. "ನಮ್ಮ ನಾದಿನಿ ಮನೇಲಿ ಒಂದು ಕಪ್ಪು ಮೀನು ಮೂಲೆ ಹಿಡಿದು ಕೂತಿದೆ. ಚಿಕಿತ್ಸೆ ಏನೂ ಬೇಡ. ಸುಮ್ನೆ ತಂದು ಬಿಡಲಾ?"

ಮಾರನೆಯ ದಿನ ಓನರಮ್ಮ ಇಳಿದು ಬಂದರು. ಈ ಸಲ ಮೆಟ್ಟಿಲಿಗೆ ಸದ್ದೇ ಇಲ್ಲ. ಎರಡೂ ಕೈಯಲ್ಲಿ ಒಂದು ಸ್ಟೀಲ್ ಪಾತ್ರೆ, ಅದರ ಮೇಲೆ ಬಿಳಿ ಬಟ್ಟೆ. ಬಟ್ಟೆ ಸರಿಸಿದರೆ ಒಳಗೆ ಒಂದು ಹಳೆಯ ದೊಡ್ಡ ಗೋಲ್ಡ್ ಫಿಶ್. ಗುಂಡು ಮುಖ, ಜೋತ ಗಲ್ಲ, ಯಾರ ವಾದಕ್ಕೂ ಒಪ್ಪದ ಕಣ್ಣು. ಬಾಯಿ ಮಾತ್ರ ತೆರೆದೇ ಇತ್ತು.

"ಇವರು ಜಡ್ಜ್ ಸಾಹೇಬ್ರು" ಎಂದರು ಓನರಮ್ಮ. "ನಮ್ಮ ಯಜಮಾನ್ರು ಕೋರ್ಟಲ್ಲಿ ಜವಾನರಾಗಿದ್ರು. ಜೀವಮಾನ ಇಡೀ ಜಡ್ಜ್ ಮುಂದೆ ಕೈಕಟ್ಟಿ ನಿಂತ್ರು. ರಿಟೈರ್ ಆದ ದಿನ ಈ ಮೀನು ತಂದು, 'ಇನ್ಮೇಲೆ ಜಡ್ಜ್‌ಗೆ ನಾನು ಹಾಕಿದ್ರೇ ಊಟ' ಅಂದ್ರು. ಅವರು ಹೋದ ಮೇಲೆ ನಾನು ಹಾಕ್ತಿದ್ದೀನಿ. ದಿನಾ ನಾನು ಮಾತಾಡೋದು ಇವರ ಹತ್ರಾನೇ. ಈಗ ಊಟ ಮುಟ್ತಿಲ್ಲ."

ಆಕೆ ಸರಿಸಿದ ಬಟ್ಟೆಯನ್ನು ಮತ್ತೆ ಪಾತ್ರೆಯ ಮೇಲೆ ಎಳೆದು, "ಭಾನುವಾರ ಅಣ್ಣನ ಮಗ ಮನೆ ನೋಡೋಕೆ ಬರ್ತಾನೆ. ಇವರಿಗೆ ಏನಾದ್ರೂ ಆದ್ರೆ ನಿಮ್ಮ ಮುಖ ನೋಡ್ಕೊಂಡು ಈ ಮೆಟ್ಟಿಲು ಹತ್ತಿ ಇಳಿಯೋಕೆ ನನ್ನಿಂದ ಆಗಲ್ಲ ಇವ್ರೇ. ಮೊದಲೇ ಹೇಳಿಬಿಟ್ಟೆ" ಎಂದರು.

ಟೈಲರ್ ಮೀನು ಹೋದರೆ ಒಂದು ಶರ್ಟ್ ಹೋದೀತು. ಜಡ್ಜ್ ಸಾಹೇಬರು ಹೋದರೆ ಮನೆಯೇ ಹೋಗುತ್ತದೆ. ನೋಡೋಣಪ್ಪನವರು ಸಾಹೇಬರನ್ನು ತೊಟ್ಟಿಗೆ ಬಿಟ್ಟು ತಮಗೆ ಗೊತ್ತಿದ್ದ ಒಂದೇ ಚಿಕಿತ್ಸೆಯನ್ನು, ಅಂದರೆ ಏನೂ ಮಾಡದೆ ಇರುವುದನ್ನು, ಮೊದಲಿಗಿಂತ ಎರಡರಷ್ಟು ಶ್ರದ್ಧೆಯಿಂದ ಆರಂಭಿಸಿದರು.

ಜಡ್ಜ್ ಸಾಹೇಬರು ಜಪ್ಪಯ್ಯ ಅನ್ನಲಿಲ್ಲ. ಬಾಯಿ ತೆರೆದುಕೊಂಡು ಮೂಲೆಯಲ್ಲಿ ಕೂತವರು ಕೂತೇ ಇದ್ದರು. ಟೈಲರ್ ಮೀನು ಗುಣವಾಗಿದ್ದರೂ ಮನೆಗೆ ಹೋಗದೆ ಅಲ್ಲೇ ಉಳಿದಿತ್ತು. ಅಂಗಡಿಗೆ ಸುಣ್ಣ ಬಳಿಸುತ್ತಿದ್ದೇನೆ, ಒಂದು ವಾರ ಇರಲಿ ಎಂದಿದ್ದ ಟೈಲರ್. ಅದು ಸಾಹೇಬರ ಸುತ್ತ ಸುತ್ತಿ ಸುತ್ತಿ ಹೋಗುತ್ತಿತ್ತು. ಓನರಮ್ಮ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ನೋಡಿ, ಏನೂ ಮಾತಾಡದೆ ಹೋಗುತ್ತಿದ್ದರು. ಮಾತಾಡಿದ್ದರೇ ವಾಸಿಯಿತ್ತು. ನೋಡೋಣಪ್ಪನವರಿಗೆ ಅನ್ನ ಸೇರದಾಯಿತು. ಹೀಗಾಗಿ ತೊಟ್ಟಿಯ ಒಳಗೂ ಹೊರಗೂ ಉಪವಾಸ ನಡೆಯಿತು.

ಕಚೇರಿಯಲ್ಲಿ ಹೆಡ್ ಕ್ಲರ್ಕ್ ಹತ್ತಿರ ಹೋಗಿ ಎಲ್ಲವನ್ನೂ ತೋಡಿಕೊಂಡರು. ಹೆಡ್ ಕ್ಲರ್ಕ್ ಕಣ್ಣುಮುಚ್ಚಿ ಕೇಳಿದರು.

"ಇಟ್ಟು ನೋಡಿದ್ಯಾ?"

"ನೋಡಿದೆ ಸಾರ್."

"ತಾನಾಗೇ ವಾಸಿ ಆಗ್ಲಿಲ್ವಾ?"

"ಇಲ್ಲ ಸಾರ್."

"ಅವರು ಒಗ್ಗಿಕೊಳ್ಳಲ್ವಾ?"

"ಓನರಮ್ಮ ಸಾರ್! ಒಗ್ಗೋ ಜಾತಿ ಅಲ್ಲ."

"ಹಾಗಾದ್ರೆ ಮೇಲಿನ ಕಚೇರಿಗೆ ಕಳಿಸಿಬಿಡು."

"ಮೀನಿಗೆ ಮೇಲಿನ ಕಚೇರಿ ಯಾವುದು ಸಾರ್?"

ಹೆಡ್ ಕ್ಲರ್ಕ್ ಕಣ್ಣುಬಿಟ್ಟು ಚಾವಣಿಯ ಕಡೆ ನೋಡಿ ಮುಂದಿನ ಫೈಲನ್ನು ಎಳೆದುಕೊಂಡರು. ಇಲಾಖೆಯ ಇಷ್ಟು ವರ್ಷದ ಜ್ಞಾನ ಅಲ್ಲಿಗೆ ಮುಗಿಯಿತು.

ಭಾನುವಾರ ಅಣ್ಣನ ಮಗ ಬಂದ. ತಲೆಗೆ ಎಣ್ಣೆ, ಕೈಯಲ್ಲಿ ಅಳತೆ ಟೇಪು. ಬಂದವನೇ ಹಾಲಿನ ಗೋಡೆಯಿಂದ ಗೋಡೆಗೆ ಟೇಪು ಎಳೆದ. ಅದರ ಇನ್ನೊಂದು ತುದಿಯನ್ನು ಹಿಡಿದುಕೊಳ್ಳಲು ಯಾರೂ ಇಲ್ಲದೆ ನೋಡೋಣಪ್ಪನವರೇ ಹಿಡಿದುಕೊಂಡರು. ತಮ್ಮನ್ನು ಹೊರಹಾಕುವ ಅಳತೆಗೆ ತಾವೇ ತುದಿ ಹಿಡಿಯುವ ಯೋಗ ಎಲ್ಲರಿಗೂ ಬರುವುದಿಲ್ಲ. ಅತ್ತೆ ಹೆಣಿಗೆ ಕಡ್ಡಿಯನ್ನು ಭರ್ಜಿಯಂತೆ ಹಿಡಿದು ನೋಡುತ್ತಿದ್ದರು.

"ಈ ತೊಟ್ಟಿ ಎತ್ತಿದ್ರೆ ನನ್ನ ಸೋಫಾ ಸರಿಯಾಗಿ ಕೂರುತ್ತೆ ಅತ್ತೆ" ಎಂದ ಅವನು, ಹಿಂದೆ ನಿಂತಿದ್ದ ಓನರಮ್ಮನಿಗೆ.

"ಜಡ್ಜ್ ಸಾಹೇಬ್ರಿಗೆ ಹುಷಾರಿಲ್ಲ ಕಣೋ" ಎಂದರು ಓನರಮ್ಮ.

ಅವನು ಟೇಪನ್ನು ಸರಕ್ಕನೆ ಒಳಗೆ ಬಿಟ್ಟುಕೊಳ್ಳುತ್ತ ನಕ್ಕ. "ಒಂದು ಮೀನು ತಾನೇ ಅತ್ತೆ. ಹೋದ್ರೆ ಇನ್ನೊಂದು ತಂದ್ರಾಯ್ತು."

ಓನರಮ್ಮ ಅವನನ್ನು ಕರೆದುಕೊಂಡು ಮೇಲೆ ಹೋದರು. ಮೇಲಿನಿಂದ ತಟ್ಟೆ ಲೋಟದ ಸದ್ದು ಕೇಳಿಸಿತು. ಕೆಳಗೆ ಹೆಂಡತಿ ಕಪಾಟಿನ ಮೇಲಿನ ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ನೋಡಿ ಕಣ್ಣೀರು ಹಾಕಿದರು. ಸಾಮಾನು ಕಟ್ಟುವ ಕಾಲ ಬಂತೆಂದು ಅವರಿಗೆ ಖಾತ್ರಿಯಾಗಿತ್ತು.

ನೋಡೋಣಪ್ಪನವರು ಮಾತ್ರ ತೊಟ್ಟಿಯ ಎದುರು ಮಂಡಿಯೂರಿ ಕೂತಿದ್ದರು. ಕಿಟಕಿಯ ಬಿಸಿಲು ಜಡ್ಜ್ ಸಾಹೇಬರ ಮುಖದ ಮೇಲೆ ಬಿದ್ದಿತ್ತು. ತೆರೆದ ಬಾಯೊಳಗೆ ಏನೋ ಬಿಳಿ ಹೊಳೆಯಿತು.

"ಲೇ, ಇಲ್ಲಿ ಬಾ. ಸಾಹೇಬ್ರಿಗೆ ಹಲ್ಲು ಬರ್ತಿದೆ!"

ಹೆಂಡತಿ ಮೂಗೊರೆಸಿಕೊಂಡು ಬಂದು ಬಗ್ಗಿ ನೋಡಿದರು. "ಹಲ್ಲಲ್ಲ ರೀ. ಕಲ್ಲು. ಮೀನಿನ ತೊಟ್ಟಿ ತಳದಲ್ಲಿ ಹರಡೋ ಬಿಳಿ ಕಲ್ಲು, ಮೇಲಿನ ಮನೇಲೇ ಬಾಯಿಗೆ ಸಿಕ್ಕಿಕೊಂಡಿದೆ. ಬಾಯಿ ಮುಚ್ಚೋಕೆ ಆಗದೆ ಪಾಪ ಹೇಗೆ ತಿನ್ನುತ್ತೆ?"

ಕಲ್ಲು ತಾನಾಗಿ ಕರಗುವುದಿಲ್ಲ. ಟ್ರೇಯಲ್ಲಿಟ್ಟು ಪೇಪರ್‌ವೇಟ್ ಹೇರಿದರೂ ಹೊರಗೆ ಬರುವುದಿಲ್ಲ. ಯಾರಾದರೂ ಕೈಹಾಕಿ ತೆಗೆಯಬೇಕು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ನೋಡೋಣಪ್ಪನವರು ಹೆಂಡತಿಯ ಮುಖ ನೋಡಿದರು. ಹೆಂಡತಿ ತಾಯಿಯ ಮುಖ ನೋಡಿದರು. ಅತ್ತೆ ಪೂರ್ಣ ವಿಶ್ವಾಸದಿಂದ ಅಳಿಯನ ಮುಖ ನೋಡಿ, "ಆಪರೇಷನ್ ಮಾಡಿಬಿಡಿ ಅಳಿಯಂದ್ರೇ" ಎಂದು ಸೀರೆಯ ಸೆರಗು ಸಿಕ್ಕಿಸಿಕೊಂಡರು.

ಆ ವಿಶ್ವಾಸವನ್ನು ಕಂಡು ನೋಡೋಣಪ್ಪನವರಿಗೆ ಅಳುವೇ ಬಂತು. ಅಷ್ಟು ವರ್ಷದಲ್ಲಿ ಅವರನ್ನು ಯಾರೂ ಹಾಗೆ ನೋಡಿರಲಿಲ್ಲ. ಓಡಿಹೋಗೋಣವೆಂದರೆ ಬಾಗಿಲಿಗೆ ಅತ್ತೆಯ ಕುರ್ಚಿ ಅಡ್ಡ ಇತ್ತು. ಹೆಂಡತಿ ಹುಬ್ಬು ಕೀಳುವ ಚಿಮಟ ತಂದುಕೊಟ್ಟರು. ಅತ್ತೆ ಟಾರ್ಚ್ ಹಿಡಿದರು. ಕೆಳಗೊಂದು ಬಕೆಟ್ ನೀರು. ನೋಡೋಣಪ್ಪನವರು ಕೈ ಒದ್ದೆ ಮಾಡಿಕೊಂಡು, ಕಣ್ಣುಮುಚ್ಚಿ, ಆಮೇಲೆ ಕಣ್ಣುಮುಚ್ಚಿದರೆ ಕೆಲಸವಾಗದೆಂದು ನೆನಪಾಗಿ ತೆರೆದು, ಜಡ್ಜ್ ಸಾಹೇಬರನ್ನು ಎಡಗೈಯಲ್ಲಿ ಹಿಡಿದೆತ್ತಿದರು. ಸಾಹೇಬರು ಒಂದೇ ಏಟಿಗೆ ಬಾಲದಿಂದ ಅವರ ಕನ್ನಡಕ ಕೆಡವಿದರು.

"ಅಯ್ಯೋ ಸ್ವಾಮಿ, ಹಾಗೆ ಮಾಡಬೇಡಿ" ಎಂದು ನೋಡೋಣಪ್ಪ ಗೋಗರೆದರು. ಜೀವಮಾನವಿಡೀ ಸಾಹೇಬರುಗಳ ಮುಂದೆ ಆಡಿ ಅಭ್ಯಾಸವಾದ ಮಾತುಗಳು ತಾವಾಗಿ ಬಂದವು. "ದಯವಿಟ್ಟು ಬಾಯಿ ಬಿಡಿ ಸಾಹೇಬ್ರೇ. ನೋವಾದ್ರೆ ಹೊಟ್ಟೆಗೆ ಹಾಕ್ಕೊಳ್ಳಿ, ಕಲ್ಲನ್ನಲ್ಲ, ತಪ್ಪನ್ನ. ನಾನು ಡಾಕ್ಟರೂ ಅಲ್ಲ, ಏನೂ ಅಲ್ಲ. ಸುಳ್ಳು ಹೇಳಿದೆ. ಆದ್ರೆ ನೀವು ಹೋಗಬಾರದು. ಮನೆ ಹೋದ್ರೆ ಹೋಗ್ಲಿ, ನೀವು ಹೋದ್ರೆ ಮೇಲೆ ಆಯಮ್ಮ ಯಾರ ಹತ್ರ ಮಾತಾಡ್ಬೇಕು? ನಿಮ್ಮ ಕಾಲಿಗೆ ಬೀಳ್ತೀನಿ. ಕಾಲಿಲ್ಲ ನಿಮಗೆ, ಬಾಲಕ್ಕೆ ಬೀಳ್ತೀನಿ. ಒಂದು ಸಲ, ಒಂದೇ ಒಂದು ಸಲ ಆ ಅನ್ನಿ..."

ಹೇಳುತ್ತ ಹೇಳುತ್ತ ಚಿಮಟ ಒಳಗಿಳಿಯಿತು. ಕಲ್ಲು ಒಮ್ಮೆ ಜಾರಿತು. ಎರಡನೆಯ ಸಲ ಸಿಕ್ಕಿ, ಟಕ್ಕೆಂದು ಹೊರಬಂದು ನೆಲದ ಮೇಲೆ ಉರುಳಿತು. ಅದೇ ಗಳಿಗೆಗೆ ಹಿಂದಿನಿಂದ ಯಾರೋ "ಹಾ!" ಎಂದರು. ನೋಡೋಣಪ್ಪನವರು ಬೆಚ್ಚಿ ಕೈಬಿಟ್ಟರು. ಜಡ್ಜ್ ಸಾಹೇಬರು ಗಾಳಿಯಲ್ಲಿ ಒಂದು ಲಾಗ ಹಾಕಿ, ಬಕೆಟ್ಟಿನಲ್ಲಿ ದೊಪ್ಪೆಂದು ಬಿದ್ದು, ಅಲ್ಲಿದ್ದವರ ಮುಖಕ್ಕೆಲ್ಲ ನೀರೆರಚಿದರು.

ಬಾಗಿಲಲ್ಲಿ ಓನರಮ್ಮ ನಿಂತಿದ್ದರು. ಮುಖದ ತುಂಬ ನೀರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಎಷ್ಟು ಕೇಳಿಸಿಕೊಂಡಿದ್ದರೋ.

ಎಲ್ಲರೂ ಬಕೆಟ್ಟಿಗೆ ಬಗ್ಗಿದರು. ಜಡ್ಜ್ ಸಾಹೇಬರು ಬಾಯಿ ಮುಚ್ಚಿದರು. ತೆರೆದರು. ಮತ್ತೆ ಮುಚ್ಚಿದರು. ಅದು ಎಷ್ಟು ದಿನದ ಮೇಲೆ ಸಾಧ್ಯವಾದ ಸುಖವೋ, ಮತ್ತೆ ಮತ್ತೆ ಮಾಡಿ ನೋಡಿದರು. ಹೆಂಡತಿ ಹಾಕಿದ ಒಂದು ಚೂರು ತಿಂಡಿ ನೀರಿಗೆ ಬೀಳುವುದೇ ತಡ, ಗುಳುಂ ಎಂದು ನುಂಗಿದರು.

ನೋಡೋಣಪ್ಪನವರು ಒದ್ದೆ ಕೈ ಜೋಡಿಸಿ ಎದ್ದು ನಿಂತರು. "ಅಮ್ಮಾ, ಆಸ್ಪತ್ರೆ ಅಂತ ನಾನು ಹೇಳಿದ್ದು..."

"ಕೇಳಿಸ್ತು" ಎಂದರು ಓನರಮ್ಮ. ಸೆರಗಿನಿಂದ ಮುಖ ಒರೆಸಿಕೊಂಡರು. ನೀರು ಬಹಳ ಇತ್ತೆಂದು ಕಾಣುತ್ತದೆ, ಒರೆಸಿದಷ್ಟೂ ಬರುತ್ತಲೇ ಇತ್ತು. "ನಮ್ಮ ಹುಡುಗನ್ನ ಈಗ್ಲೇ ಕಳಿಸಿಬಂದೆ. ಸೋಫಾ ಹಾಕೋಕೆ ಬೇರೆ ಮನೆ ನೋಡ್ಕೊಳ್ಳಪ್ಪ ಅಂದೆ. ಇನ್ನೊಂದು ತಂದ್ರಾಯ್ತಂತೆ! ನಾಳೆ ನಾನು ಹೋದ್ರೆ ಇನ್ನೊಬ್ಬ ಅತ್ತೇನ ತಂದ್ಕೊಳ್ತಾನಾ?"

ಅತ್ತೆ ಟಾರ್ಚ್ ಆರಿಸಿದರು. ಹೆಂಡತಿ ನೆಲದ ಮೇಲೇ ಕೂತು ಜೋರಾಗಿ ಅತ್ತುಬಿಟ್ಟರು. ನೋಡೋಣಪ್ಪನವರು ಕನ್ನಡಕ ಹುಡುಕುವ ನೆಪದಲ್ಲಿ ಬಹಳ ಹೊತ್ತು ಬಗ್ಗಿಯೇ ಇದ್ದರು. ಅವರಿಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ ಎಂದು ನನ್ನ ಅಂದಾಜು. ಮದುವೆಯ ದಿನವೂ ಅವರು ಹೆದರಿಯೇ ಇದ್ದರಂತೆ.

ಸಾಹೇಬರನ್ನು ಮೇಲೆ ಕರೆದೊಯ್ಯಲು ಓನರಮ್ಮ ಮೂರು ಸಲ ಪಾತ್ರೆ ತಂದರು, ಮೂರು ಸಲವೂ ಖಾಲಿ ಪಾತ್ರೆ ಹಿಡಿದು ಹಿಂತಿರುಗಿದರು. "ಮೇಲೆ ಒಬ್ಬರೇ ಇರ್ತಾರೆ. ಇಲ್ಲಿ ನೋಡಿ, ಟೈಲರ್ ಮೀನಿನ ಜೊತೆ ಹೇಗೆ ಓಡಾಡ್ತಿದ್ದಾರೆ. ವಯಸ್ಸಾದವರನ್ನ ಹೀಗೆ ಬೇರೆ ಮಾಡೋದು ಸರಿಯಲ್ಲ" ಎಂದರು. ಟೈಲರನ್ನು ಕರೆಸಿ ಅವನ ಮೀನನ್ನು ಇಲ್ಲೇ ಬಿಡುವಂತೆ ಒಪ್ಪಿಸಿದರು. ಅವನು ಹೂಂ ಎಂದ ಮೇಲೆ ತಮ್ಮ ಬೆತ್ತದ ಕುರ್ಚಿಯನ್ನು ಮೇಲಿನಿಂದ ಇಳಿಸಿ ತರುವಂತೆ ನೋಡೋಣಪ್ಪನವರಿಗೆ ಹೇಳಿದರು.

ಈಗ ಬೆಳಗಾದರೆ ಓನರಮ್ಮ ಬಂದು ತೊಟ್ಟಿಯ ಬಲಕ್ಕೆ ಕೂರುತ್ತಾರೆ, ಅತ್ತೆ ಎಡಕ್ಕೆ. ಇಬ್ಬರೂ ಮಾತಾಡುವುದು ಜಡ್ಜ್ ಸಾಹೇಬರ ಜೊತೆ, ಆದರೆ ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುತ್ತಾರೆ. ಒಂದು ದಿನ ಓನರಮ್ಮ ನಕ್ಕದ್ದನ್ನು ಹೆಂಡತಿ ಕಣ್ಣಾರೆ ಕಂಡರು. ಸಂಜೆ ಕಚೇರಿಯಿಂದ ಬಂದ ನೋಡೋಣಪ್ಪನವರಿಗೆ ಹಾಲಿನಲ್ಲಿ ಕೂರಲು ಜಾಗವೇ ಸಿಗುವುದಿಲ್ಲ. ಚಹಾ ಲೋಟ ಹಿಡಿದು ಹೊಸ್ತಿಲ ಮೇಲೆ ಕೂರುತ್ತಾರೆ.

"ಬಾಗಿಲಿಗೆ ಅಡ್ಡ ಕೂರಬೇಡಿ ಇವ್ರೇ" ಎನ್ನುತ್ತಾರೆ ಓನರಮ್ಮ. "ಸಾಹೇಬ್ರಿಗೆ ಗಾಳಿ ಬರ್ತಿಲ್ಲ."

ಈ ಮನೆಯಿಂದ ತಮ್ಮನ್ನು ಇನ್ನು ಯಾರೂ ಎಬ್ಬಿಸುವುದಿಲ್ಲ ಎಂಬ ಸಮಾಧಾನದಲ್ಲಿ ನೋಡೋಣಪ್ಪನವರು ಹೊಸ್ತಿಲಿನಿಂದ ಎದ್ದು ನಿಲ್ಲುತ್ತಾರೆ.